ಎಡಗಡೆಯ ಸದ್ದು

ಮೂವತ್ತು ವರ್ಷ ಊರವರ ಗಾಡಿಗಳನ್ನು ರಿಪೇರಿ ಮಾಡಿದ ಮೆಕ್ಯಾನಿಕ್‌ಗೆ ತನ್ನ ಕಾರಿನ ಕಡೆ ತಿರುಗಿ ನೋಡಲು ರಜೆಯ ದಿನವೇ ಬರಬೇಕಾಯಿತು. ತಿಂಗಳಿಂದ ಅದರ ಮುಂದಿನ ಚಕ್ರ ಗುಂಯ್ ಎನ್ನುತ್ತಿತ್ತು. ಬೇರಿಂಗ್ ಸವೆದಿತ್ತು, ಅದರಲ್ಲಿ ಅನುಮಾನವಿರಲಿಲ್ಲ.

"ಎಡಗಡೆ ಚಕ್ರದ್ದು ಅನ್ಸುತ್ತೆ ರೀ," ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ನನಗೇ ಪಾಠ ಹೇಳ್ಬೇಡ. ಬಲಗಡೇದು."

ಚಕ್ರ ತಿರುಗಿಸಿ ನೋಡುವ ಗೋಜಿಗೂ ಹೋಗದೆ ಅವನು ಜಾಕ್ ಕೊಟ್ಟು ಬಲಗಡೆಯದನ್ನು ಬಿಚ್ಚಿದ. ಚಕ್ರ ಕೂರುವ ಹಬ್ ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಸುತ್ತಿಗೆಯಿಂದ ಬಡಿದೂ ಬಡಿದೂ ಭುಜ ಬಿದ್ದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಹಬ್ ಸಮೇತ ಬೇರಿಂಗ್ ಕೈಗೆ ಬಂತು. ತಿರುಗಿಸಿದರೆ ಎಣ್ಣೆಯಲ್ಲಿ ಜಾರಿದ ಹಾಗೆ ನುಣ್ಣಗೆ ತಿರುಗಿತು. ಬೆಟ್ಟ ಅಗೆದದ್ದಾಯಿತು, ಇಲಿಯೂ ಸಿಗಲಿಲ್ಲ.

ಇನ್ನೊಂದು ಚಕ್ರ ಬಿಚ್ಚುವ ತ್ರಾಣವಿಲ್ಲದೆ ಮೆಟ್ಟಿಲ ಮೇಲೆ ಕೂತ. ಏನೋ ಹೊಳೆದು, ಕೈಗಡಿಯಾರ ಬಿಚ್ಚಿ ಬಲಗಿವಿಗೆ ಹಿಡಿದ. ಟಿಕ್ ಟಿಕ್ ಎಂದಿತು. ಎಡಗಿವಿಗೆ ಹಿಡಿದರೆ ನಿಂತೇಹೋದ ಹಾಗಿತ್ತು.

ಹೆಂಡತಿ ನೀರು ತಂದು ಕೊಟ್ಟಳು.

"ಗ್ಯಾರೇಜಿನ ಸುತ್ತಿಗೆ ಸದ್ದಿಗೆ ಎಡಗಿವಿ ಹೋಗಿದೆ ಕಣೇ. ಏನೇ ಸದ್ದಾದ್ರೂ ಬಲಗಡೆಯಿಂದ್ಲೇ ಬಂದ ಹಾಗಿರುತ್ತೆ. ಎಷ್ಟು ವರ್ಷ ಆಯ್ತೋ ಏನೋ."

ಅವಳು ಸುತ್ತಿ ಬಂದು ಅವನ ಬಲಗಡೆ ಕೂತಳು.

"ಕಾರಲ್ಲಿ ನಾನು ಕೂರೋದು ನಿಮ್ಮ ಎಡಗಡೆ," ಎಂದಳು. "ಅಷ್ಟೆಲ್ಲ ಹೇಳ್ಕೊಂಡೆ. ಎಲ್ಲದಕ್ಕೂ ಹೂಂ ಅಂತಿದ್ರಿ."

ಅವನು ತಲೆ ತಗ್ಗಿಸಿದ. ಈ ಸಲ ಕೇಳಿಸಿಕೊಂಡೇ, "ಹೂಂ" ಎಂದ.