ಎಐ ಬರೆದ ಸುರಂಗ

ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆಯುವ ನಮ್ಮ ಊರಿನ ಸುರಂಗದ ಚಿತ್ರವೊಂದು ನನ್ನ ಕ್ಲಾಸಿನ ಮಕ್ಕಳಿಗೆ ತೋರಿಸಲು ಬೇಕಿತ್ತು. ಚಿತ್ರ ಬಿಡಿಸುವ ಎಐಗೆ 'ಸುರಂಗ' ಎಂದು ಬರೆದೆ, ರೈಲು ಬಂತು. ಸಿಟ್ಟಿನಿಂದ 'ನೀರಿನ ಸುರಂಗ' ಎಂದೆ. ರೈಲು ನೀರಿನಲ್ಲಿ ಬಂತು. ಹೆಸರು ಹೇಳಿದರೆ ಸಾಲದು, ಕಂಡದ್ದನ್ನೆಲ್ಲ ವಿವರಿಸಬೇಕು, ಏನು ಬೇಡವೆಂಬುದನ್ನೂ ಬರೆಯಬೇಕು ಎಂದು ಶಿಕ್ಷಕರ ಎಐ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ನಾನೆಲ್ಲಿ ಕಂಡಿದ್ದೆ? ಬೆಳ್ಳೂರಿನಲ್ಲೇ ಹುಟ್ಟಿ, ಆ ನೀರನ್ನೇ ಕುಡಿದು ಬೆಳೆದವಳು ಒಮ್ಮೆಯೂ ಒಳಗೆ ಇಣುಕಿರಲಿಲ್ಲ.

ನಮ್ಮ ಸುರಂಗ ಕೊರೆದ, ಊರಿನ ಅಜ್ಜರೊಬ್ಬರ ಮನೆಗೆ ಫೋನು ಹಿಡಿದುಕೊಂಡು ಹೋದೆ. ಗೂನುಬೆನ್ನಿನ ಅವರು ಜಗಲಿಯಲ್ಲಿ ಕುಳಿತು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ: ಒಬ್ಬನೇ ಹಿಡಿಸುವಷ್ಟು ಅಗಲ, ಕೆಂಪು ಮುರಕಲ್ಲಿನ ಗೋಡೆ, ಕೊರೆಯುವವನ ಕೈಯಲ್ಲಿ ಗಿಡ್ಡ ಹಿಡಿಯ ಪಿಕ್ಕಾಸು, ಗೋಡೆಯ ಗೂಡಿನಲ್ಲಿ ಮೇಣದ ಬತ್ತಿ.

"ಬತ್ತಿ ನಂದಿದರೆ ಒಳಗೆ ಗಾಳಿ ಇಲ್ಲ ಅಂತ. ಮತ್ತೆ ಅಲ್ಲಿ ನಿಲ್ಲಲಿಕ್ಕಿಲ್ಲ."

ಐದನೇ ಸಲಕ್ಕೆ ಚಿತ್ರ ಹದಕ್ಕೆ ಬಂತು. ಅಜ್ಜ ತುಂಬ ಹೊತ್ತು ನೋಡಿದರು.

"ಎಲ್ಲ ಸರಿ ಉಂಟು ಟೀಚರೇ. ಆದರೆ ಇವ ನೆಟ್ಟಗೆ ನಿಂತಿದ್ದಾನಲ್ಲ? ನಾವು ಬೆನ್ನು ಬಗ್ಗಿಸಿಯೇ ಕೊರೆದದ್ದು."

'ನೆಟ್ಟಗೆ ನಿಲ್ಲುವುದು ಬೇಡ' ಎಂದು ಸೇರಿಸತೊಡಗಿದೆ. ಅಜ್ಜ ಕೈ ಅಡ್ಡ ಹಿಡಿದರು.

"ಬೇಡ, ಬಿಡಿ. ಇವನಾದರೂ ನೆಟ್ಟಗೆ ನಿಲ್ಲಲಿ."