ಅತ್ತೆ ಎದುರು ನಿಂತು ನುಂಗಿಸಿದ ಮಾತ್ರೆ

ನನಗೆ ಕೆಮ್ಮು ಶುರುವಾಗಿ ತಿಂಗಳು ದಾಟಿತ್ತು. ಕುಂದಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಟಿಬಿ ಎಂದರು. ಮದುವೆಯಾಗಿ ಕಡಲ ಬದಿಯ ಊರು ತ್ರಾಸಿಗೆ ಬಂದು ಆಗಿನ್ನೂ ಎರಡು ವರ್ಷ. ಗಂಡ ಮೀನಿನ ಬೋಟಿಗೆ ಹೋದರೆ ವಾರಗಟ್ಟಲೆ ಮನೆಗಿಲ್ಲ. ಇರುವುದು ನಾನು, ಮತ್ತೆ ಮನೆಮನೆಗೆ ಮೀನು ಹೊತ್ತು ಮಾರುವ ಅತ್ತೆ. ಅವರೇ ಹೋಗು ಎನ್ನುವ ಮೊದಲು ಹೊರಟುಬಿಡೋಣವೆಂದು ಚೀಲಕ್ಕೆ ಬಟ್ಟೆ ತುಂಬಿದೆ.

"ಎಲ್ಲಿಗ್ ಹೊರಟದ್ದ್?" ಅತ್ತೆ ಕೇಳಿದರು.

"ಶಂಕರನಾರಾಯಣಕ್ಕೆ, ಅಮ್ಮನ ಮನೆಗೆ. ಇದ್ ಅಂಟು ಕಾಯಿಲೆ ಅಂಬ್ರ್ ಅತ್ತೆ."

"ಅಲ್ಲಿದ್ದರಿಗೆ ಅಂಟುದಿಲ್ಯಾ?" ಎನ್ನುತ್ತಾ ಚೀಲ ಕಿತ್ತುಕೊಂಡರು. "ಸುಮ್ನ್ ಕೂಕೋ ಹೆಣ್ಣೆ. ಮದ್ದ್ ಇತ್ತಲೆ."

ಅತ್ತೆಗೂ ಪರೀಕ್ಷೆಯಾಯಿತು, ಏನೂ ಇರಲಿಲ್ಲ. ನಾನು ಮಾಸ್ಕ್ ಕಟ್ಟಿಕೊಂಡು ಕಿಟಕಿ ತೆರೆದ ಕೋಣೆಯಲ್ಲಿದ್ದೆ. ಅವರೇ ಅಡುಗೆ ಮಾಡಿ ಬಡಿಸಿ, ಹೊಸ್ತಿಲ ಆಚೆ ಕೂತು, ಯಾವ ಮನೆಯವರು ಬಂಗಡೆಗೆ ಎಷ್ಟು ಚೌಕಾಸಿ ಮಾಡಿದರೆಂದು ನಟಿಸಿ ತೋರಿಸುತ್ತಿದ್ದರು. ನಗು ಬಂದರೆ ಕೆಮ್ಮೂ ಬರುತ್ತಿತ್ತು.

ಮಾತ್ರೆ ಮಾತ್ರ ಹಿಂಸೆ. ಮೂತ್ರವೆಲ್ಲ ಕೇಸರಿ ಬಣ್ಣ, ಅನ್ನ ಕಂಡರೆ ವಾಕರಿಕೆ. ಎರಡು ತಿಂಗಳಿಗೆ ಕೆಮ್ಮು ನಿಂತಾಗ, ಇನ್ನೇಕೆ ಎಂದು ಕಿಟಕಿಯಿಂದ ಎಸೆಯತೊಡಗಿದೆ. ನಾಲ್ಕನೇ ದಿನ ಹಿತ್ತಲು ಗುಡಿಸುವಾಗ ಅವು ಅತ್ತೆಯ ಕೈಗೆ ಸಿಕ್ಕವು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕರೆಸಿ ಎಲ್ಲ ಹೇಳಿದರು. ಮರುದಿನದಿಂದ ಮೀನಿನ ಬುಟ್ಟಿ ಅಂಗಳದಲ್ಲಿಟ್ಟು, ನೀರಿನ ಲೋಟ ಹಿಡಿದು ನನ್ನೆದುರು ನಿಂತರು.

"ನುಂಗು. ಈಗ ಬಾಯ್ ತೆಗಿ ಕಾಂಬ."

"ನಾನೆಂತ ಸಣ್ಣ ಮಗುವಾ ಅತ್ತೆ?"

"ದೊಡ್ಡೋರ್ ಮಾತ್ರೆ ಬಿಸಾಡ್ತ್ರಾ?"

ನಾಲಗೆ ಎತ್ತಿ ತೋರಿಸಿದ ಮೇಲೆಯೇ ಬುಟ್ಟಿ ಅವರ ತಲೆಗೇರುತ್ತಿತ್ತು. ತಡವಾಗಿ ಹೋದದ್ದಕ್ಕೆ ಅವರಿಗೆ ಕೆಲವು ಗಿರಾಕಿಗಳು ತಪ್ಪಿದರು. ಒಂದು ದಿನವೂ ಅದನ್ನು ನನಗೆ ಎತ್ತಿ ಆಡಲಿಲ್ಲ.

ಮಾತ್ರೆಗಳೆಲ್ಲ ಮುಗಿದ ಮೇಲೆ, ಕೊನೆಯ ಪರೀಕ್ಷೆಯಲ್ಲಿ ಕಫದಲ್ಲಿ ರೋಗಾಣು ಇಲ್ಲ ಎಂದರು. ಬಸ್ಸಿಳಿದು ಓಡಿಬಂದೆ. ಅತ್ತೆ ಬಾವಿಕಟ್ಟೆಯ ಬಳಿ ಮೀನು ಕೊಯ್ಯುತ್ತಿದ್ದರು. ಸುದ್ದಿ ಕೇಳಿ ಅವರ ಕೈ ನಿಂತಿತು.

"ನನ್ ತಂಗಿಗೂ ಇದೇ ಕಾಯಿಲೆ ಆಯ್ತ್" ಎಂದರು. ತಂಗಿಯೊಬ್ಬಳಿದ್ದಳೆಂದೇ ನನಗೆ ಗೊತ್ತಿರಲಿಲ್ಲ. "ಸಾಯುವರೆಗೂ ಕೊಟ್ಟಿಗೆ ಬದಿ ಮಲಗಿಸಿದ್ರ್. ಯಾರೂ ಹತ್ರ ಹೋಯ್ಲಿಲ್ಲ. ನಾನೂ ಹೋಯ್ಲಿಲ್ಲ."

ನಾನು ಅವರಿಗೆ ಒತ್ತಿಕೊಂಡೇ ಕೂತೆ. ಸ್ವಲ್ಪ ಹೊತ್ತು ಅವರು ನನ್ನ ಹೆಗಲಿಗೆ ತಲೆಯೊರಗಿಸಿದ್ದರು. ಆಮೇಲೆ ಮೀನಿನ ಕೈಯಲ್ಲೇ ಮೂಗೊರೆಸಿಕೊಂಡು, "ಇವತ್ತ್ ಸಾರ್ ನೀನೇ ಮಾಡ್" ಎಂದರು.