ಅಕ್ಕಿ ಅಗಿಸಿದ ದಿನ

ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಹತ್ತಿರದ ಒಂದು ಛತ್ರದಲ್ಲಿ ನಾವು ಸೇರಿದ್ದೆವು. ನಾವು ಎಂದರೆ, ನಾಗಮಂಗಲದ ಕಡೆಯ ಒಂದು ವಸತಿ ಶಾಲೆಯ ಹಜಾರದಲ್ಲಿ ಸಾಲಾಗಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ ಹುಡುಗರು. ಈಗ ಎಲ್ಲರೂ ಅರವತ್ತರ ಆಸುಪಾಸಿನಲ್ಲಿದ್ದೇವೆ. ಕೆಲವರು ಹೆಂಡತಿಯರನ್ನು ಕರೆತಂದಿದ್ದರು, ಕೆಲವರು ಬರೀ ಮಾತ್ರೆ ಡಬ್ಬಿ ತಂದಿದ್ದರು. ಅದು ಹತ್ತನೇ ತರಗತಿ ಮುಗಿಸಿ ಹೊರಬಂದವರ ಕೂಟ. ನಾನು ಒಂಬತ್ತನೇ ತರಗತಿಯ ಮಧ್ಯದಲ್ಲೇ ಹೊರಬಂದವನು. ಹೊರಬಂದವನು ಅನ್ನುವುದಕ್ಕಿಂತ ಹೊರಗೆ ಹಾಕಿಸಿಕೊಂಡವನು ಅಂದರೆ ಸರಿಯಾಗುತ್ತದೆ.

ಆದರೂ ನನ್ನನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಸೇರಿಸಿದವನು ನನ್ನ ಪಕ್ಕದ ಚಾಪೆಯವನು. ಸರ್ಕಾರಿ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದು ನಿವೃತ್ತನಾಗಿ ಪಾಂಡವಪುರದಲ್ಲಿದ್ದಾನೆ. ಬಹಳ ವರ್ಷಗಳ ಹಿಂದೆ ಅಲ್ಲಿ ಅವನ ಮನೆಯನ್ನು ಕಟ್ಟಿದವನು ನಾನೇ. ನಾನು ಸ್ವಂತಕ್ಕೆ ಒಪ್ಪಿಕೊಂಡ ಮೊದಲ ಕೆಲಸ ಅದು. ಅಲ್ಲಿಯತನಕ ಬೇರೆ ಮೇಸ್ತ್ರಿಗಳ ಕೈಕೆಳಗೆ ಗಾರೆ ಕಲಸಿದ್ದೆ, ಬಾಣಲಿ ಹೊತ್ತಿದ್ದೆ, ಸಾರವೆ ಕಟ್ಟಿದ್ದೆ. ಅವನು ಕರೆದು, ‘ನಮ್ಮನೆ ನೀನೇ ಕಟ್ಲಾ’ ಅಂದ ದಿನ ನನಗೆ ನಿದ್ದೆ ಬಂದಿರಲಿಲ್ಲ. ನನ್ನ ಕೈಗೆಲಸ ನೋಡಿ ಕರೆದಿದ್ದಾನೆ ಅಂದುಕೊಂಡಿದ್ದೆ. ಆಮೇಲೆ ಕೆ.ಆರ್. ಪೇಟೆ ಸುತ್ತ ನಾನು ಕಟ್ಟಿದ ಮನೆಗಳನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಒಂದೂ ಸೋರುವುದಿಲ್ಲ. ಓದಿದವರ ಮುಂದೆ ನಾನು ತಲೆ ತಗ್ಗಿಸಿ ನಿಂತವನಲ್ಲ.

ಒಂದು ವಿಷಯ ಬಿಟ್ಟು.

ಗುಂಪಿನಲ್ಲಿ ಎಲ್ಲರಿಗೂ ಹಳೆಯ ಅಡ್ಡಹೆಸರುಗಳೇ. ನನ್ನದು ಕೊಬ್ಬರಿ. ಬೆಳಿಗ್ಗೆ ಎದ್ದರೆ, ‘ಕೊಬ್ಬರಿ, ಎದ್ದ್ಯೇನ್ಲಾ?’ ಅಂತ ಬಂದಿರುತ್ತದೆ. ನನ್ನ ಮಗಳು ಒಮ್ಮೆ, ‘ಯಾಕಪ್ಪಾ ಕೊಬ್ಬರಿ ಅಂತಾರೆ?’ ಎಂದು ಕೇಳಿದ್ದಳು. ಚಿಕ್ಕಂದಿನಲ್ಲಿ ಕೊಬ್ಬರಿ ಇಷ್ಟ ಇತ್ತಮ್ಮ ಅಂದೆ. ಸುಳ್ಳು. ಶಾಲೆ ಬಿಟ್ಟ ಮೇಲೆ ನಾನು ಕೊಬ್ಬರಿ ಬಾಯಿಗೆ ಹಾಕಿಲ್ಲ.

ಆ ವರ್ಷ ಶಾರದಾ ಪೂಜೆಗೆಂದು ಉಗ್ರಾಣದಲ್ಲಿ ಕೊಬ್ಬರಿ, ಬೆಲ್ಲ ತಂದಿಟ್ಟಿದ್ದರು. ಪೂಜೆಯ ಹಿಂದಿನ ದಿನ ನೋಡಿದರೆ ಕೊಬ್ಬರಿ ಬಟ್ಟಲುಗಳಿಲ್ಲ. ನಮ್ಮ ವಾರ್ಡನ್ ಮೇಷ್ಟ್ರು ಹೊಡೆಯಲಿಲ್ಲ, ಕೂಗಾಡಲಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಕಳ್ಳತನವಾದಾಗ ಹಿರಿಯರು ಮಾಡುತ್ತಿದ್ದುದನ್ನೇ ಮಾಡಿದರು. ಎಲ್ಲರನ್ನೂ ಸಾಲಾಗಿ ಕೂರಿಸಿ, ದೇವರ ಪಟದ ಮುಂದೆ ಇಟ್ಟಿದ್ದ ಅಕ್ಕಿಯನ್ನು ಒಬ್ಬೊಬ್ಬರಿಗೂ ಒಂದೊಂದು ಹಿಡಿ ಕೊಟ್ಟು ಅಗಿಯಲು ಹೇಳಿದರು. ಅಗಿದು ಎಲೆಯ ಮೇಲೆ ಉಗುಳಬೇಕು. ಕದಿಯದವನ ಅಕ್ಕಿ ಎಂಜಲಲ್ಲಿ ನೆನೆದು ಮುದ್ದೆಯಾಗುತ್ತದೆ, ಕದ್ದವನ ಬಾಯಿ ಒಣಗಿ ಅಕ್ಕಿ ಪುಡಿಪುಡಿಯಾಗಿಯೇ ಬೀಳುತ್ತದೆ ಎಂಬುದು ನಂಬಿಕೆ. ತಾಯಿ ನೋಡ್ಕತಾಳೆ, ಯಾರನ್ನೂ ಬಿಡಲ್ಲ ಎಂದು ಮೇಷ್ಟ್ರು ಪಟ ತೋರಿಸಿದರು.

ನಾನು ಕದ್ದಿರಲಿಲ್ಲ. ಆದರೆ ಹೆದರಿದೆ. ಅಕ್ಕಿ ನೆನೆಯದಿದ್ದರೆ ಏನು ಗತಿ ಎಂದು ಹೆದರಿ ಹೆದರಿಯೇ ಬಾಯಿ ಒಣಗಿತು. ನಾಲಗೆ ಚರ್ಮದ ತುಂಡಿನ ಹಾಗೆ ಅಂಗುಳಿಗೆ ಅಂಟಿಕೊಂಡಿತು. ಎಷ್ಟು ಅಗಿದರೂ ಅಕ್ಕಿ ಮರಳಿನ ಹಾಗೇ ಇತ್ತು. ಉಗುಳಿದೆ. ಎಲೆಯ ಮೇಲೆ ಪುಡಿ ಬಿತ್ತು. ಸಾಲಿಗೆ ಸಾಲೇ ನನ್ನ ಎಲೆ ನೋಡಿತು.

ಮೇಷ್ಟ್ರು ಹೇಳಿಕಳಿಸಿದ್ದಕ್ಕೆ ಮಾರನೆಯ ದಿನ ಅಪ್ಪ ಬಂದ. ಬೂಕನಕೆರೆ ಹತ್ತಿರದ ನಮ್ಮ ಊರಿಂದ ಅಲ್ಲಿಗೆ ಬರಬೇಕಾದರೆ ಬಸ್ಸು ಬದಲಾಯಿಸಬೇಕಿತ್ತು. ವಾರ್ಡನ್ ಹೇಳಿದ್ದನ್ನು ಅಪ್ಪ ಕೈಕಟ್ಟಿಕೊಂಡು ಕೇಳಿದ. ನನ್ನ ಟ್ರಂಕು ಎತ್ತಿ ತಲೆಯ ಮೇಲಿಟ್ಟುಕೊಂಡು ನಡೆದ. ದಾರಿಯುದ್ದಕ್ಕೂ, ‘ನಾನಲ್ಲ ಕಣಪ್ಪೋ, ನಾನಲ್ಲ’ ಅಂತ ಅತ್ತೆ. ಅಪ್ಪ ಒಂದು ಮಾತಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನನ್ನ ಕೈಗೆ ಗುದ್ದಲಿ ಕೊಟ್ಟ. ಅವನು ಸಾಯುವತನಕ ಆ ವಿಚಾರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಗದ್ದೆಯಲ್ಲಿ ಅವನ ಹಿಂದೆ ಎತ್ತಿನ ಹಾಗೆ ದುಡಿದೆ. ಇವನು ಕಳ್ಳನಲ್ಲ ಅಂತ ಅಪ್ಪನ ಬಾಯಿಂದ ಒಂದು ಮಾತು ಬರಲಿ, ಅದಕ್ಕಾಗಿ ದುಡಿದೆ. ಅದು ಬರದೆಯೇ ಅವನು ಹೋದ. ಮಗ ಕಳ್ಳ ಅಂದುಕೊಂಡೇ ಹೋದ ಎಂಬ ಕೊರಗು ಮಾತ್ರ ನನ್ನೊಳಗೆ ಉಳಿಯಿತು. ಎಷ್ಟು ಮನೆ ಕಟ್ಟಿದರೂ ಅದು ಹೋಗಲಿಲ್ಲ.

ಅವತ್ತು ಛತ್ರದಲ್ಲಿ ಕಾಫಿ ಆಯಿತು, ಹಾರ ಆಯಿತು, ತೀರಿಕೊಂಡವರಿಗೆ ಮೌನ ಆಯಿತು. ಊಟಕ್ಕೆ ಇನ್ನೂ ಹೊತ್ತಿತ್ತು. ಯಾರೋ, ‘ಅಕ್ಕಿ ಅಗಿಯೋ ಆಟ ಆಡ್ರಲಾ!’ ಅಂದರು. ಹೋ ಎಂದು ಕೂಗಿದರು. ಅಡುಗೆಯವರಿಂದ ತಟ್ಟೆ ತುಂಬ ಅಕ್ಕಿ ಬಂತು. ಒಬ್ಬ ಟವೆಲ್ಲನ್ನು ಶಾಲಿನ ಹಾಗೆ ಹೊದ್ದು ವಾರ್ಡನ್ ಆದ. ಮೇಷ್ಟ್ರ ಮೂಗಿನ ದನಿಯಲ್ಲೇ, ‘ತಾಯಿ ನೋಡ್ಕತಾಳೆ’ ಅಂದ. ಹೆಂಗಸರು ಮೊಬೈಲು ಹಿಡಿದು ನಿಂತರು.

‘ಕೊಬ್ಬರಿ, ನೀನು ಮುಂದೆ ಬಾರ್ಲಾ. ನೀನಿಲ್ದೆ ಯಾವ ಆಟ?’

ನಾನು ಹೋದೆ. ಹೋಗದಿದ್ದರೆ ಇವನಿಗೆ ಇನ್ನೂ ಉರಿಯುತ್ತದೆ ಅನ್ನುತ್ತಾರೆ. ಕುರ್ಚಿಯಲ್ಲಿ ಕುಳಿತು ಅಕ್ಕಿ ಅಗಿದೆ. ಕಾಗದದ ತಟ್ಟೆಗೆ ಉಗುಳಿದೆ.

‘ಒದ್ದೆ ಐತೆ ಕಣ್ರಪ್ಪೋ!’ ಎಂದು ವಾರ್ಡನ್ ವೇಷದವನು ತಟ್ಟೆ ಎತ್ತಿ ಎಲ್ಲರಿಗೂ ತೋರಿಸಿದ. ‘ಈಗ ಒಳ್ಳೆಯವನಾಗ್ಬುಟ್ಟವ್ನೆ!’

ನಗು. ನಾನೂ ನಕ್ಕೆ. ಮುಂದಿನ ಕುರ್ಚಿ ನನ್ನ ಪಕ್ಕದ ಚಾಪೆಯವನದು. ಅವನು ಅಕ್ಕಿ ತೆಗೆದುಕೊಳ್ಳದೆ ಅಡುಗೆಯವರ ಕಡೆ ತಿರುಗಿ, ‘ಒಂಚೂರು ಹುಣಸೇಹಣ್ಣು ತಗಂಬಾರಪ್ಪ, ಅದಿಲ್ದೆ ನಂಗಾಗಕಿಲ್ಲ’ ಅಂದ.

ಆಗ ನಗು ಛತ್ರದ ಸೂರು ಹಾರುವ ಹಾಗೆ ಎದ್ದಿತು. ಇನ್ನಿಬ್ಬರು ಹೊಟ್ಟೆ ಹಿಡಿದುಕೊಂಡು ಬಗ್ಗಿದರು. ನನಗೆ ಅರ್ಥವಾಗಲಿಲ್ಲ.

‘ಯಾಕ್ಲಾ ಹುಣಸೇಹಣ್ಣು?’ ಎಂದೆ.

‘ಅಯ್ಯೋ, ಇವ್ನಿಗಿನ್ನೂ ಗೊತ್ತಿಲ್ವಾ!’ ಎಂದು ಅವನು ನನ್ನ ತೊಡೆ ತಟ್ಟಿದ. ‘ಕೊಬ್ರಿ ತಿಂದಿದ್ದು ನಾವು ಮೂರು ಜನ ಕಣ್ಲಾ. ಅಕ್ಕಿ ಅಗಿಸ್ತಾರೆ ಅಂತ ಅಡುಗೆಯವ್ನು ಮೊದ್ಲೇ ಹೇಳ್ಬುಟ್ಟಿದ್ದ. ಹುಣಸೇಹಣ್ಣು ದವಡೆಗೆ ಒತ್ತರಿಸ್ಕಂಡು ಕೂತಿದ್ವಿ. ಬಾಯಲ್ಲಿ ಎಂಗ್ ನೀರು ಸುರೀತಿತ್ತು ಅಂತೀಯ! ನನ್ನ ಅಕ್ಕಿ ನೋಡಿ ಮೇಷ್ಟ್ರು ಭೇಷ್ ಅಂದ್ರು!’

ನಾನು ಕೇಳಿದೆ: ‘ಯಾರ್‍ಯಾರಿಗೆ ಗೊತ್ತಿತ್ತು?’

ನಗು ಅಷ್ಟಷ್ಟಾಗಿ ಇಳಿಯಿತು. ವಾರ್ಡನ್ ವೇಷದವನು ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ‘ಎಲ್ರಿಗೂ ಗೊತ್ತು ಕಣ್ಲಾ. ನಿಂಗೂ ಗೊತ್ತಿರ್ಬೇಕು ಅಂದ್ಕಂಡಿದ್ವಿ. ಹಳೇದು, ಬುಡು.’

‘ಬುಟ್ಟೆ’ ಅಂದೆ.

ಪಕ್ಕದ ಚಾಪೆಯವನಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು, ಹೆಂಗಸರಿಗೂ ಕೇಳುವ ಹಾಗೆ ಹೇಳಿದ: ‘ಪಾಪ, ನಮ್ಮಿಂದ ಇವ್ನ ಓದು ಒಂಟೋಯ್ತಲ್ಲ ಅಂತ ನಂಗೂ ಒಂಥರಾ ಇತ್ತಪ್ಪ. ಅದ್ಕೇ ಮನೆ ಕೆಲ್ಸ ಇವ್ನಿಗೇ ಕೊಟ್ಟಿದ್ದು. ನಮ್ಮನೇವ್ಳು ಬ್ಯಾಡ ಅಂದ್ಲು. ಅವ್ನಿಗೇನು ಬತ್ತದೆ, ಗೋಡೆ ಸೊಟ್ಟ ಕಟ್ಟಾನು ಅಂದ್ಲು. ಸೊಟ್ಟ ಕಟ್ಲಿ ಬುಡೇ, ಪಾಪದವ್ನು ಅಂದೆ.’

ಕೊಬ್ಬರಿಯ ಮಾತಿಗಿಂತ ಈ ಮಾತು ಆಳಕ್ಕೆ ಇಳಿಯಿತು. ಮೊದಲನೆಯದು ನನ್ನ ಬಾಲ್ಯವನ್ನು ತೆಗೆದುಕೊಂಡಿತ್ತು, ಇದು ನನ್ನ ದುಡಿಮೆಗೇ ಕೈ ಹಾಕಿತು. ಅವನ ಕೈಯನ್ನು ಹೆಗಲಿಂದ ತೆಗೆದು ಅವನ ತೊಡೆಯ ಮೇಲಿಟ್ಟೆ.

‘ಗೋಡೆ ಸೊಟ್ಟ ಐತಾ?’

‘ಇಲ್ಲ ಇಲ್ಲ. ಫಸ್ಟ್ ಕ್ಲಾಸಾಗೈತೆ.’

‘ಹಂಗಾದ್ರೆ ಪಾಪದ ಮಾತು ಬುಡು. ಕದ್ದ ಕೈಯಿಂದ ಅಡ್ವಾನ್ಸ್ ಈಸ್ಕಂಡೆ ಅನ್ನೋದು ಗೊತ್ತಿದ್ದಿದ್ರೆ ತಳಪಾಯಕ್ಕೇ ಇಳೀತಿರ್ಲಿಲ್ಲ ನಾನು.’

ಯಾರೋ ಕೆಮ್ಮಿದರು. ಅವನ ಹೆಂಡತಿ ಮೊಬೈಲು ಕೆಳಗಿಳಿಸಿದರು. ಅಷ್ಟರಲ್ಲಿ ಎಲೆ ಹಾಕಿದ್ದಾರೆ ಏಳಿ ಎಂದು ಕೂಗು ಬಂತು. ನಾನು ಎಲ್ಲರ ಜೊತೆಗೇ ಕುಳಿತೆ. ಮುದ್ದೆ ಮುರಿದು, ಸಾರಿಗೆ ಅದ್ದಿ, ನಿಧಾನವಾಗಿ ಉಂಡೆ. ಉಣ್ಣದೆ ಎದ್ದು ಹೋಗಿದ್ದರೆ ಅದನ್ನೂ ಒಂದು ಕತೆ ಮಾಡಿಕೊಂಡು ವರ್ಷಗಟ್ಟಲೆ ನಗುತ್ತಿದ್ದರು.

ಗಾಡಿ ಓಡಿಸಿಕೊಂಡು ಕೆ.ಆರ್. ಪೇಟೆಗೆ ಬರುವಾಗ ವಿಚಿತ್ರವೆಂದರೆ ಸಿಟ್ಟಿಗಿಂತ ಮನಸ್ಸು ಹಗುರಾದದ್ದೇ ಹೆಚ್ಚಾಗಿತ್ತು. ಕಳ್ಳರೇ ಬಾಯಿಬಿಟ್ಟು ಹೇಳಿದರಲ್ಲ. ಸಾಕ್ಷಿಗೆ ಇಡೀ ಛತ್ರವಿತ್ತಲ್ಲ. ಅಪ್ಪನಿಗೆ ಹೇಳಲು ಆಗುವುದಿಲ್ಲ, ಅವ್ವನಿಗಾದರೂ ಹೇಳಬಹುದು ಅನ್ನಿಸಿತು. ಅವಳು ನನ್ನ ಜೊತೆಯಲ್ಲೇ ಇದ್ದಾಳೆ. ಹಲ್ಲು ಹೋಗಿವೆ, ಕಿವಿ ಮತ್ತು ನೆನಪು ಚೆನ್ನಾಗಿವೆ.

ಜಗುಲಿಯಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಬಿಸಿಲು ಇನ್ನೂ ಇತ್ತು. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಹುಣಸೇಹಣ್ಣಿನ ವಿಷಯವನ್ನೂ ಹೇಳಿದೆ. ಅವಳು ಸುಲಿಯುವ ಕೈ ನಿಲ್ಲಿಸಲಿಲ್ಲ.

‘ಅವ್ವ, ಕೇಳಿಸ್ತಾ? ನಾನು ಕದ್ದಿರ್ಲಿಲ್ಲ.’

‘ನೀನು ಕದ್ದಿಲ್ಲ ಅಂತ ಗೊತ್ತಿರ್ಲಿಲ್ವೇನ್ಲಾ ಮಗ ನಮ್ಗೆ.’

‘ಯಾರ್ಗೆ ಗೊತ್ತಿತ್ತು?’

‘ನಂಗೂ, ನಿಮ್ಮಪ್ಪಂಗೂ. ಆಮೇಲೊಂದಿನ ಆ ಇಸ್ಕೂಲಿನ ಅಡುಗೆಯವ್ನು ಬಂದಿದ್ದ. ಕದ್ದೋರು ಬ್ಯಾರೆಯೋರು, ಮೇಷ್ಟ್ರಿಗೆ ಹೇಳಿವ್ನಿ, ಹುಡುಗುನ್ನ ಕಳಿಸ್ಬುಡಿ ಅಂದ. ನೀನಾಗ ಗದ್ದೇಲಿದ್ದೆ. ಅವ್ನಿಗೆ ಮುದ್ದೆ ಇಕ್ಕಿ ಕಳಿಸ್ದೆ.’

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ‘ಮತ್ಯಾಕೆ ಕಳಿಸ್ಲಿಲ್ಲ?’

‘ಆಳು ಬುಟ್ಟೋಗಿದ್ದ ಕಣಪ್ಪ ಆ ವರ್ಸ. ಬ್ಯಾಸ್ಗೆ ಬೆಳೆ ನಾಟಿ ಹೊತ್ತು. ನಿಮ್ಮಪ್ಪಂಗೆ ಸೊಂಟ ಹಿಡ್ಕಂಡಿತ್ತು. ನೀನೋ, ದೊಡ್ಡಾಳಿಗಿಂತ ಚೆನ್ನಾಗಿ ಗೇಯ್ತಿದ್ದೆ. ಈ ನಾಟಿ ಮುಗೀಲಿ ಅಂದ್ರು. ಆಮೇಲೆ ಕುಯ್ಲು ಅಂದ್ರು. ಆಮೇಲೆ ಇಸ್ಕೂಲಿನ ಮಾತೇ ಬುಟ್ರು.’

‘ನಂಗ್ಯಾಕೆ ಹೇಳ್ಲಿಲ್ಲ? ಕದ್ದಿಲ್ಲ ಅಂತ ಗೊತ್ತು ಅಂತ ಒಂದ್ಮಾತು ಹೇಳ್ಬೋದಿತ್ತಲ್ಲ ಅಪ್ಪ?’

ಅವ್ವ ನನ್ನ ಮುಖ ನೋಡಿದಳು. ಮುಚ್ಚಿಡಬೇಕು ಅಂತಲೂ ಇಲ್ಲ, ನೋಯಿಸಬೇಕು ಅಂತಲೂ ಇಲ್ಲ. ನೆನಪಿಗೆ ಬಂದದ್ದನ್ನು ಹೇಳಿದಳು, ಅಷ್ಟೇ.

‘ಹೇಳ್ಬುಡಿ ಅಂತ ನಾನೇ ಅಂದೆ ಕಣ್ಲಾ ಒಂದ್ಸಲ. ಬ್ಯಾಡ ಅಂದ್ರು. ಕಳ್ಳ ಅನ್ನಿಸ್ಕಂಡಿವ್ನಿ ಅಂತ ತಲೆ ಬಗ್ಗಿಸ್ಕಂಡು ಗೇಯ್ತಾವ್ನೆ, ಅಲ್ಲ ಅಂತ ಗೊತ್ತಾದ್ರೆ ತಲೆ ಎತ್ತಿ ಇಸ್ಕೂಲು ಅಂತಾನೆ, ಸುಮ್ಕಿರು ಅಂದ್ರು.’

ಒಳಗೆ ನನ್ನ ಹೆಂಡತಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಆ ಗದ್ದೆಯ ಬದುಗಳು, ಅಪ್ಪನ ಬೆನ್ನು, ಅವನು ತಿರುಗಿ ಏನಾದರೂ ಹೇಳುತ್ತಾನೇನೋ ಎಂದು ನಾನು ಅವನ ಬೆನ್ನನ್ನೇ ನೋಡುತ್ತ ಅಗೆದದ್ದು, ಎಲ್ಲ ಕಣ್ಣ ಮುಂದೆ ಬಂತು. ಅಪ್ಪ ತಿರುಗಿ ನೋಡುತ್ತಿದ್ದದ್ದುಂಟು. ನಾನು ಎಷ್ಟು ಅಗೆದಿದ್ದೇನೆ ಅಂತ ನೋಡುತ್ತಿದ್ದ.

‘ಈಗ ಚೆನ್ನಾಗೇ ಇದ್ದೀಯಲ್ಲ’ ಅಂದಳು ಅವ್ವ. ‘ಓದಿದ್ರೆ ಇನ್ನೇನ್ ಆಗ್ತಿದ್ದೆ? ಅವ್ರಂಗೆ ಎಲ್ಲೋ ಕುರ್ಚಿ ಮ್ಯಾಲೆ ಕೂತಿರ್ತಿದ್ದೆ.’

ಅಪ್ಪ ನನ್ನನ್ನು ಕಳ್ಳ ಅಂದುಕೊಂಡಿದ್ದರೆ ಕ್ಷಮಿಸುವುದು ನನಗೆ ಸುಲಭವಿತ್ತು. ಕಳ್ಳ ಅಂದುಕೊಂಡ ತಂದೆಗೆ ನಾಚಿಕೆಯಾಗಿರುತ್ತದೆ, ಸಂಕಟವಾಗಿರುತ್ತದೆ. ನಮ್ಮಪ್ಪನಿಗೆ ಯಾವ ಸಂಕಟವೂ ಇರಲಿಲ್ಲ. ಇದ್ದದ್ದು ನಾಟಿ, ಕುಯ್ಲು.

ಅವ್ವ ಮೊರವನ್ನು ನನ್ನ ಕಡೆಗೆ ಸರಿಸಿದಳು. ‘ಸುಮ್ನೆ ಕೂತ್ಕಂಡು ಏನ್ ಮಾಡ್ತೀಯ, ನಾಕು ಸುಲಿ’ ಅಂದಳು.

ನಾನು ಕೈ ಹಾಕಲಿಲ್ಲ. ಹುಟ್ಟಿದಾಗಿನಿಂದ ಅವ್ವ ಹೇಳಿದ ಕೆಲಸವನ್ನು ನಾನು ಮಾಡದೆ ಕುಳಿತದ್ದು ಅದೇ ಮೊದಲು. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೊರವನ್ನು ಹಿಂದಕ್ಕೆ ಎಳೆದುಕೊಂಡು ತಾನೇ ಸುಲಿಯತೊಡಗಿದಳು.